ದಿಂಬಿನ ಕೆಳಗಿನ ಬಟ್ಟೆ ಚೂರು

ಐರ್ಲೆಂಡಿನ ಪಶ್ಚಿಮದ ಹಳ್ಳಿಗಾಡಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ಆ ಬೆಳಿಗ್ಗೆಯನ್ನು ನೆನೆದರೆ ಇವತ್ತಿಗೂ ಹೊಟ್ಟೆ ಹಿಂಡುತ್ತದೆ.

ಪಾಳಿ ಬದಲಾಗುವಾಗಿನ ಹ್ಯಾಂಡೋವರ್, ಬಿಪಿ-ಜ್ವರ ನೋಡುವ ಆಬ್ಸ್ ಮುಗಿದಿತ್ತು. ಮೂರನೇ ಬೆಡ್‌ನ ಅಜ್ಜಿ ಎಕ್ಸ್‌ರೇಗೆ ಹೋಗಿದ್ದರು. ಶೀಟ್ ಬದಲಿಸುವಾಗ ದಿಂಬಿನಡಿ ಮಾಸಿದ ಬಟ್ಟೆ ಚೂರು ಕಂಡಿತು. ಅಂಗೈಯಗಲ, ಅಂಚೆಲ್ಲ ನೂಲು ಬಿಟ್ಟಿತ್ತು. ಮಧ್ಯಾಹ್ನ ಸೋಂಕು ತಡೆಯ (ಐಪಿಸಿ) ಆಡಿಟ್ ಬೇರೆ. ಶೀಟಿನ ಜೊತೆ ಸುತ್ತಿ ಲಾಂಡ್ರಿ ಚೀಲಕ್ಕೆ ಹಾಕಿಬಿಟ್ಟೆ.

ಅಜ್ಜಿ ಬಂದರು. ದಿಂಬಿನಡಿ ಕೈ ಹಾಕಿದರು. ಮತ್ತೆ ಹಾಕಿದರು. "ನನ್ನ ಬ್ರಾಟ್ ಎಲ್ಲಿ?" ದನಿ ಏರಲಿಲ್ಲ, ಕೈ ನಡುಗುತ್ತಿತ್ತು. ಅಲ್ಲಿಯವಳೇ ಆದ ಎಚ್‌ಸಿಎ, ಅಂದರೆ ನಮ್ಮ ವಾರ್ಡಿನ ಸಹಾಯಕಿ, ನನ್ನನ್ನು ಪಕ್ಕಕ್ಕೆ ಎಳೆದು ಹೇಳಿದಳು. ಅದು ಬ್ರಾಟ್ ಬ್ರೀಜ. ಜನವರಿ 31ರ ರಾತ್ರಿ ಬಟ್ಟೆಯನ್ನು ಹೊರಗೆ ಗಿಡದ ಮೇಲೆ ಹಾಕಿಡುತ್ತಾರೆ. ಐರ್ಲೆಂಡಿನವರ ಸಂತ ಬ್ರಿಜಿಡ್ ಆ ದಾರಿಯಲ್ಲಿ ಹೋಗುತ್ತಾ ಹರಸುತ್ತಾಳೆ ಅಂತ ನಂಬಿಕೆ. ತಲೆನೋವಿಗೆ ಹಣೆಗೆ ಕಟ್ಟುತ್ತಾರೆ, ಕರು ಹಾಕುವ ಹಸುವಿನ ಬೆನ್ನಿಗೆ ಹೊದಿಸುತ್ತಾರೆ. ಹಳೆಯದಾದಷ್ಟೂ ಗುಣ ಜಾಸ್ತಿ. ಅಜ್ಜಿಯ ಹತ್ತಿರ ಇದ್ದದ್ದು ಅವರ ತಾಯಿಯದು.

ಕೊಳೆ ಬಟ್ಟೆ, ಬೆಡ್‌ಪ್ಯಾನ್ ಇಡುವ ಸ್ಲೂಸ್ ರೂಮಿಗೆ ಓಡಿದೆ. ಚೀಲವಿಲ್ಲ. ಚೀಲ ಸಾಗಿಸುವ ಪೋರ್ಟರ್‌ಗೆ ಪೇಜರ್‌ನಲ್ಲಿ ಬ್ಲೀಪ್ ಮಾಡಿದೆ, ಉತ್ತರವಿಲ್ಲ. ಮೆಟ್ಟಿಲಿಳಿದು ಬೇಸ್‌ಮೆಂಟ್‌ಗೆ ಹೋದೆ. ಲಾರಿ ಬರಲು ಹತ್ತೇ ನಿಮಿಷ. ಎಲ್ಲವೂ ಒಂದೇ ಥರದ ಬಿಳಿ ಚೀಲಗಳು. ಗ್ಲೌಸ್ ಹಾಕಿ ಒಂದೊಂದೇ ಬಿಚ್ಚಿದೆ. ನನ್ನ ಕೊರಳಲ್ಲೂ ಅಮ್ಮ ಕಟ್ಟಿಸಿದ ತಾಯತವಿದೆ. ಯಾರಾದರೂ ಅದನ್ನು ಕಸ ಅಂತ ಎಸೆದಿದ್ದರೆ ನಾನು ಸುಮ್ನಿರುತ್ತಿದ್ದೆನಾ? ಏಳನೇ ಚೀಲದಲ್ಲಿ ಸಿಕ್ಕಿತು. ಅಷ್ಟರಲ್ಲಿ ಅಳು ಬಂದಿತ್ತು.

ರೋಗಿಯ ಸಾಮಾನು ಬರೆದಿಡುವ ಪ್ರಾಪರ್ಟಿ ಫಾರ್ಮಿನಲ್ಲಿ ಕನ್ನಡಕ, ಹಲ್ಲುಸೆಟ್ಟು, ಉಂಗುರಕ್ಕೆ ಜಾಗವಿದೆ. ಇಂಥದ್ದಕ್ಕೆ ಇಲ್ಲ. ಒಂದು ಸಾಲು ಸೇರಿಸಿ ಅಂತ ನಮ್ಮ ನರ್ಸ್ ಮ್ಯಾನೇಜರ್ ಸಿಎನ್‌ಎಂಗೆ ಎಷ್ಟು ಸಲ ಹೇಳಿದ್ದೇನೋ, ಇನ್ನೂ ಆಗಿಲ್ಲ. ಹಾಗಾಗಿ ಅಡ್ಮಿಷನ್‌ನಲ್ಲಿ ನಾನೇ ಕೇಳುತ್ತೇನೆ, "ಯಾವುದಾದರೂ ಕ್ಯೂರ್ ಮಾಡಿಸಿದ್ದೀರಾ?" ಇಲ್ಲಿ ಆ ಮಾತಿಗೆ ನಾಟಿಮದ್ದು, ಮಂತ್ರ ಎರಡೂ ಬರುತ್ತದೆ. ಸರ್ಪಸುತ್ತು, ಹುಳುಕಡ್ಡಿ, ಸುಟ್ಟಗಾಯ, ಒಂದೊಂದಕ್ಕೂ ಕೈಗುಣದ ಮನೆಗಳಿವೆ. ಪ್ರೀತಿಯಿಂದ ಕೇಳಿದರೆ ಏನು ಹಚ್ಚಿದರು, ಏನು ಕುಡಿದರು ಎಲ್ಲ ಹೇಳುತ್ತಾರೆ. ಡ್ರಗ್ ಚಾರ್ಟ್ ಬರೆಯುವ ಮುಂಚೆ ಅದು ಗೊತ್ತಿರಬೇಕಲ್ವಾ?

ಆ ದಿನ ಸಂಜೆ ಅಜ್ಜಿಯ ಕ್ಷಮೆ ಕೇಳಿದೆ. ಅಜ್ಜಿ ತಮ್ಮ ಗೌನಿನ ದಾರ ತೆಗೆದು, ಸುತ್ತಿ ಸುತ್ತಿ ಒಂದು ಗಂಟು ಹಾಕಿದರು. ಅದಕ್ಕೆ "ಹುಳದ ಗಂಟು" ಅಂತ ಹೆಸರಂತೆ. ಕರುವಿಗೆ ಹೊಟ್ಟೆನೋವು ಬಂದರೆ ಅದರ ಬೆನ್ನ ಮೇಲೆ ಹಿಡಿದು ಎರಡೂ ತುದಿ ಎಳೆಯುತ್ತಾರೆ. ಬಿಚ್ಚಿಕೊಂಡರೆ ಕರು ಉಳಿಯುತ್ತದೆ, ಸಿಕ್ಕಾದರೆ ಇಲ್ಲ. ನನ್ನ ತೋಳಿನ ಮೇಲೆ ಹಿಡಿದು ಎಳೆದರು. ದಾರ ನೆಟ್ಟಗೆ ಬಿಚ್ಚಿಕೊಂಡಿತು.