ಯಾವ ಪಕ್ಷದ್ದೂ ಅಲ್ಲ, ಮಾರಾಯರೇ

ಕಾಸರಗೋಡಿನಲ್ಲಿ ಗೋಡೆಯ ಮುಂದೆ ಬಣ್ಣದ ಡಬ್ಬಿ ಇಟ್ಟುಕೊಂಡು ನಿಂತರೆ ಸಾಕು, ಯಾರಾದರೂ ಬಂದು ಕೇಳಿಯೇ ಕೇಳುತ್ತಾರೆ: "ಯಾವ ಪಕ್ಷದ್ದು?" ಇಷ್ಟು ವರ್ಷ ನಗುತ್ತಾ ಉತ್ತರಿಸಿದೆ. ಇನ್ನು ಆಗುವುದಿಲ್ಲ, ಓದಿಕೊಳ್ಳಿ. ನಾನು ಬರೆಯುವುದು ಗ್ರಾಫಿಟಿ, ಅಂದರೆ ಗೋಡೆಯ ಮೇಲೆ ನನ್ನ ಖುಷಿಗೆ ಬಿಡಿಸುವ ಅಕ್ಷರ. ಯಾವ ಪಕ್ಷದ್ದೂ ಅಲ್ಲ.

ಕುಂಬಳೆಯ ಹತ್ತಿರ ಒಂದು ಕಾಂಪೌಂಡಿನ ಮೇಲೆ, ಮನೆಯವರನ್ನು ಕೇಳಿಯೇ, ಆಳೆತ್ತರದ 'ಳ' ಬರೆಯುತ್ತಿದ್ದೆ. ಹಿರಿಯರೊಬ್ಬರು ಸ್ಕೂಟರ್ ನಿಲ್ಲಿಸಿದರು. "ಯಾವ ಪಕ್ಷದ್ದು ಮಾರಾಯರೇ?" ಪಕ್ಷವಿಲ್ಲ ಎಂದೆ. "ಹಾಗಾದರೆ ಜವುಳಿ ಅಂಗಡಿಯದ್ದಾ?" ಅಲ್ಲ. "ಚಿನ್ನದ ಅಂಗಡಿ?" ಅಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಸ್ವರ ತಗ್ಗಿಸಿ, "ಕನ್ನಡ ಹೋರಾಟದ್ದಾ?" ಎಂದರು. ಒಂಟಿ 'ಳ' ಯಾವ ಹೋರಾಟಕ್ಕೆ ಆದೀತು!

ಅವರನ್ನೇ ದೂರುವಂತೆಯೂ ಇಲ್ಲ. ಇಲ್ಲಿ ಚುನಾವಣೆಗೆ ಮೊದಲೇ ಗೋಡೆಗೆ ಸುಣ್ಣ ಬಳಿದು, ಮೂಲೆಯಲ್ಲಿ ಪಕ್ಷದ ಹೆಸರು ಬರೆದು ಕಾದಿರಿಸುತ್ತಾರೆ. ಮಂಜೇಶ್ವರದ ಕಡೆ ಅಭ್ಯರ್ಥಿಯ ಹೆಸರು ಮಲಯಾಳದಲ್ಲೂ ಇರುತ್ತದೆ, ಕನ್ನಡದಲ್ಲೂ ಇರುತ್ತದೆ. ನನಗೆ ಕುಂಚ ಹಿಡಿಯಲು ಕಲಿಸಿದವರೂ ಅಂಥ ಗೋಡೆ ಬರೆಯುವವರೇ. ಮೇಲಾಗಿ 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡ ಅಕ್ಷರ ಬರಿಯ ಅಕ್ಷರವಾಗಿ ಉಳಿದಿಲ್ಲ.

ಆದರೂ ಗ್ರಾಫಿಟಿ ಎಂಬುದು ಹೆಸರು ಮಾಡಿದ್ದು ಪಕ್ಷ, ಅಂಗಡಿಗಳ ಹಂಗಿಲ್ಲದೆ. ನ್ಯೂಯಾರ್ಕಿನಲ್ಲಿ ಪತ್ರ, ಪೊಟ್ಟಣ ತಲುಪಿಸುವ ಹುಡುಗನೊಬ್ಬ ಹೋದಲ್ಲೆಲ್ಲ 'ಟಾಕಿ 183' ಎಂದು ಬರೆದ. ಟಾಕಿ ಅವನ ಅಡ್ಡಹೆಸರು, 183 ಅವನ ಬೀದಿ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ಬರೆದದ್ದೇ ತಡ, ಊರಿನ ಹುಡುಗರೆಲ್ಲ ಶುರುಮಾಡಿದರು. ನನ್ನ ಹೆಸರೇ ಮೊದಲು ಕಾಣಬೇಕೆಂಬ ಹಟಕ್ಕೆ ಅಕ್ಷರ ಉಬ್ಬಿತು, ತಿರುಚಿಕೊಂಡಿತು, ರೈಲು ಬೋಗಿಯ ಉದ್ದಕ್ಕೂ ಹಬ್ಬಿತು.

'ಳ'ವೇ ಏಕೆ ಎಂದು ಮಾತ್ರ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಚಹಾ ಕುಡಿಸಿ ಹೇಳುತ್ತಿದ್ದೆ. ಕುಂಬಳೆ, ಉಪ್ಪಳ, ಬೇಳ, ಮುಳ್ಳೇರಿಯ: ನಾಲಗೆ ಮಡಚದೆ ನಮ್ಮ ಊರುಗಳ ಹೆಸರು ಹೇಳಲಾಗುವುದಿಲ್ಲ. ಬರೆಯುವುದೂ ಸುಲಭವಲ್ಲ. ಮುರಕಲ್ಲಿನ ತೂತುಗಳಲ್ಲಿ ಕುಂಚ ಮುಗ್ಗರಿಸುತ್ತದೆ. ಆ ಸುರುಳಿಯನ್ನು ಮೂರು ಕಡೆ ನಿಲ್ಲಿಸಿ ಮತ್ತೆ ಹಿಡಿಯಬೇಕು, ಸೇರಿಸಿದ ಜಾಗ ಕಾಣಬಾರದು.

ಮಳೆಗಾಲ ಕಳೆದ ಮೇಲೆ ಆ ದಾರಿಯಲ್ಲಿ ಹೋದೆ. ಪಾಚಿ ಹಿಡಿದಿರಬಹುದು ಎಂದುಕೊಂಡಿದ್ದೆ. ನೋಡಿದರೆ ಗೋಡೆಗೆ ಸುಣ್ಣ ಬಿದ್ದಿತ್ತು, ಮೂಲೆ ಇನ್ನೂ ಖಾಲಿ. ಬಕೆಟ್ ತೊಳೆಯುತ್ತಿದ್ದ ಹುಡುಗನ ಪಕ್ಕ ಬೈಕ್ ನಿಲ್ಲಿಸಿ, "ಯಾವ ಪಕ್ಷದ್ದು?" ಎಂದೆ.