ಅಜ್ಜ ತಿದ್ದಿದ ಬಾಣ

ಸಿಂಗಪುರಕ್ಕೆ ಬಂದು ಆರು ವರ್ಷವಾದರೂ ನನ್ನ ತಲೆ ಇನ್ನೂ ಪಿಸಿಎಂಬಿಯಲ್ಲೇ ಇದೆ. ಹಾಗಾಗಿ ನಮ್ಮ ಪಿಯುಸಿಗೆ ಸಮನಾದ ಎರಡು ವರ್ಷದ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾಗೆ ಸೇರುವಾಗ ಮಗಳು ಇಎಸ್‌ಎಸ್ ತಗೋತೀನಿ ಅಂದಾಗ ನನಗೆ ಸ್ವಲ್ಪ ಬೇಜಾರಾಯಿತು. ಎನ್ವಿರಾನ್‌ಮೆಂಟಲ್ ಸಿಸ್ಟಮ್ಸ್ ಅಂಡ್ ಸೊಸೈಟೀಸ್. ಇದನ್ನು ವಿಜ್ಞಾನದ ಲೆಕ್ಕಕ್ಕೂ ಹಿಡಿಯಬಹುದು, ಸಮಾಜ ವಿಷಯದ ಲೆಕ್ಕಕ್ಕೂ ಹಿಡಿಯಬಹುದಂತೆ. 'ಓದೋಕಾಗದವರ ಸೈನ್ಸ್' ಅಂತ ಇಲ್ಲಿನ ಅಪ್ಪ ಅಮ್ಮಂದಿರ ಗುಸುಗುಸು ಬೇರೆ. ಮೊದಲು ಸ್ಟ್ಯಾಂಡರ್ಡ್ ಲೆವೆಲ್ ಮಾತ್ರ ಇತ್ತು. 2024ರಿಂದ ಹೈಯರ್ ಲೆವೆಲ್ ಕೂಡ ಬಂದಿದೆ. ಅದರಲ್ಲಿ ಪರಿಸರ ಕಾನೂನು, ಅರ್ಥಶಾಸ್ತ್ರ, ನೀತಿಶಾಸ್ತ್ರ ಮೂರನ್ನೂ ಜಾಸ್ತಿಯಾಗಿ ಓದಬೇಕು. ಸುಲಭ ಅಂದವರು ಪುಸ್ತಕ ತೆರೆದಿರಲಿಕ್ಕಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ನ್ಯೂವಾಟರ್ ಮಾತು ಬಂತು. ಚರಂಡಿ ನೀರನ್ನು ಸೂಕ್ಷ್ಮ ಪೊರೆಗಳಲ್ಲಿ ಸೋಸಿ, ಅಲ್ಟ್ರಾವಯೊಲೆಟ್ ಬೆಳಕು ಹಾಯಿಸಿ ಶುದ್ಧ ಮಾಡುತ್ತಾರಲ್ಲ, ಅದು. ಸಿಂಗಪುರಕ್ಕೆ ನೀರು ಕೊಡುವ ಮಲೇಷ್ಯಾದ ಜೊಹೋರ್ ಜತೆಗಿನ 1962ರ ನೀರಿನ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಈ ಊರಿಗೆ ಆ ಚಿಂತೆ ಯಾವತ್ತೂ ಇದೆ. "ಸೋಸೋದು ಸೈನ್ಸ್ ಅಪ್ಪಾ. ಜನ ಅದನ್ನ ಕುಡಿಯೋ ಹಾಗೆ ಮಾಡೋದು ಸೊಸೈಟಿ" ಅಂದಳು. ನಾನು ಲೋಟ ಎತ್ತಿ ಒಮ್ಮೆ ನೋಡಿ ಕುಡಿದೆ.

ಆದರೆ ನನ್ನನ್ನು ಪೂರ್ತಿ ಒಪ್ಪಿಸಿದ್ದು ಒಂದು ಚಿತ್ರ. ಈ ವಿಷಯದಲ್ಲಿ ಎಲ್ಲವನ್ನೂ ಪೆಟ್ಟಿಗೆ, ಬಾಣಗಳಲ್ಲಿ ಬರೆಯುತ್ತಾರೆ. ಕೂಡಿಟ್ಟದ್ದು ಪೆಟ್ಟಿಗೆ, ಹರಿಯೋದು ಬಾಣ. ಅವಳು ಶಿರಸಿ ಕಡೆಯ ನಮ್ಮ ಅಡಿಕೆ ತೋಟವನ್ನೇ ಬರೆದಳು. ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆಂದು ಸೊಪ್ಪು ತರೋ ಕಾಡಿನಿಂದ, ಸೊಪ್ಪು, ದರಕು (ಒಣಗಿದ ಎಲೆ) ಕೊಟ್ಟಿಗೆಗೆ. ಕೊಟ್ಟಿಗೆಯಿಂದ ಗೊಬ್ಬರ ತೋಟಕ್ಕೆ. ತೋಟದಿಂದ ಅಡಿಕೆ ಪೇಟೆಗೆ. ಬ್ರಿಟಿಷರ ಕಾಲದಲ್ಲೇ ಉತ್ತರ ಕನ್ನಡದ ತೋಟದವರಿಗೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟಿದ್ದರು ಅನ್ನೋದನ್ನೂ ಬದಿಯಲ್ಲಿ ಬರೆದಿದ್ದಳು. ಅದು ಕಾನೂನಿನ ಭಾಗವಂತೆ.

ವಿಡಿಯೋ ಕಾಲ್‌ನಲ್ಲಿ ಅಜ್ಜನಿಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಕೂಸೇ, ಎಲ್ಲಾ ಸರಿ ಇದೆ. ಸೊಪ್ಪು ತಾನಾಗೇ ನಡ್ಕೊಂಡು ಕೊಟ್ಟಿಗೆಗೆ ಬಂತಾ?"

ಮಗಳಿಗೆ ಗೊತ್ತಾಗಲಿಲ್ಲ.

"ಕಡಿಯೋರು, ಹೊರೋರು ಎಲ್ಲಿ? ಎರಡು ವರ್ಷದಿಂದ ಆಳು ಸಿಗ್ತಾ ಇಲ್ಲ. ದನಾನೂ ಎರಡೇ ಉಳಿದಿರೋದು. ಗೊಬ್ಬರ ಈಗ ಪೇಟೆಯಿಂದ ಲಾರೀಲಿ ಬರ್ತದೆ."

ಅವಳು ಬೆಟ್ಟದಿಂದ ಬಂದ ದಪ್ಪ ಬಾಣ ಅಳಿಸಿ, ಚುಕ್ಕಿ ಚುಕ್ಕಿಯಾಗಿ ಬರೆದಳು. ಪೇಟೆಯಿಂದ ತೋಟಕ್ಕೆ ಇನ್ನೊಂದು ಎಳೆದಳು. ಅಜ್ಜ ಅಷ್ಟರಲ್ಲಿ "ದಪ್ಪಗೆ ಹಾಕು ಅದನ್ನ" ಅಂದು, ಹಾಲು ಕರೆಯೋಕೆ ಹೊತ್ತಾಯಿತೆಂದು ಎದ್ದರು.