ಯಾರೂ ಕೇಳದ ಪ್ರಶ್ನೆ

"ದೊಡ್ಡವಳಾದ ಮೇಲೆ ಏನಾಗ್ತೀಯ?" ಅಂತ ಕೇಳಿದೆ. ಕಣ್ಣು ಕಾಣದ ಆ ಹುಡುಗಿ, "ನನ್ನನ್ನ ಯಾರೂ ಹೀಗೆ ಕೇಳೇ ಇಲ್ಲ ಮಿಸ್" ಅಂದಳು. ನನಗೆ ಮಾತೇ ಹೊರಡಲಿಲ್ಲ. ಬೇರೆ ಮಕ್ಕಳಿಗೆ ಮಾತು ಬರುವ ಮೊದಲೇ ಶುರುವಾಗುವ ಪ್ರಶ್ನೆ ಇದು, ಅಲ್ವಾ?

ಆಮೇಲೆ ಪಾಠದ ರೀತಿಯನ್ನೇ ಬದಲಾಯಿಸಿದೆ. ಡಾಕ್ಟರ್, ಪೊಲೀಸ್ ಅಂತ ಸುಮ್ನೆ ಹೆಸರು ಹೇಳಿಸಿದರೆ ಏನೂ ಪ್ರಯೋಜನವಿಲ್ಲ. ಈಗ ಒಂದೊಂದೇ ಕೆಲಸವನ್ನು ಬಿಡಿಸಿ ನೋಡುತ್ತೇವೆ: ಲೈಬ್ರರಿಯಲ್ಲಿರುವವರು ದಿನವಿಡೀ ಏನು ಮಾಡುತ್ತಾರೆ, ಎಷ್ಟು ಹೊತ್ತು ನಿಂತಿರಬೇಕು, ಗದ್ದಲ ಜಾಸ್ತಿನಾ, ಅದರಲ್ಲಿ ನನಗೆ ಯಾವುದು ಸಲೀಸು, ಯಾವುದಕ್ಕೆ ಸಹಾಯ ಬೇಕು. ಗದ್ದಲ ಕಂಡರಾಗದ ಆಟಿಸಂ ಇರುವ ಹುಡುಗನೊಬ್ಬ ಪುಸ್ತಕಗಳನ್ನು ನಂಬರಿನ ಪ್ರಕಾರ ಜೋಡಿಸುವುದರಲ್ಲಿ ನನ್ನನ್ನೇ ಸೋಲಿಸಿದ.

ಆ ಹುಡುಗಿ, ಕಂಪ್ಯೂಟರ್ ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರನ್ನು ಎಷ್ಟು ವೇಗವಾಗಿ ಓಡಿಸುತ್ತಾಳೆ ಅಂದರೆ ನನಗೆ ಒಂದು ಪದವೂ ತಿಳಿಯುವುದಿಲ್ಲ. ಉಚಿತವಾಗಿ ಸಿಗುವ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರೇ ಅವಳಿಗೆ ಸಾಕು. ಕೆಲಸದ ಜಾಗದಲ್ಲಿ ತಕ್ಕ ಅನುಕೂಲ ಮಾಡಿಕೊಡಬೇಕು ಅಂತ ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದದ 27ನೇ ವಿಧಿಯಲ್ಲೇ ಇದೆ. ಆದರೆ ಅದನ್ನು ಬಾಯಿಬಿಟ್ಟು ಕೇಳುವುದನ್ನೂ ಕಲಿಸಬೇಕು. "ಈ ಸಾಫ್ಟ್‌ವೇರ್ ಹಾಕಿಕೊಟ್ಟರೆ ಈ ಕೆಲಸ ನಾನು ಮಾಡುತ್ತೇನೆ" ಅಂತ ತಡವರಿಸದೆ ಹೇಳಲು ಅವಳಿಗೆ 3 ವಾರ ಹಿಡಿಯಿತು. ನಿನ್ನೆ ಮಾತ್ರ, ಎದುರಿಗೆ ಮ್ಯಾನೇಜರ್ ಥರ ಕೂತಿದ್ದ ನನಗೇ ಸಂಬಳ ಎಷ್ಟು ಅಂತ ಕೇಳಿದಳು.